ಅಳಿಸಿಹೋದ ಮಂಗಳವಾರ

ರವಿಚಂದ್ರನನ್ನು ಮೊದಲ ಸಲ ನೋಡಿದಾಗ ನಾನು ಅವನ ಕೈಗೆ ಪ್ರಿಂಟರಿನ ರಿಬ್ಬನ್ ಕೊಟ್ಟೆ.

ತಪ್ಪು ನನ್ನದೇ. ಪ್ರಿಂಟರ್ ನಿಂತು ಎರಡು ದಿನವಾಗಿತ್ತು. ಸರ್ವೀಸಿನವನು ಈಗ ಬರುತ್ತಾನೆ, ಆಗ ಬರುತ್ತಾನೆ ಎಂದು ಕಾದು ನನ್ನ ತಲೆ ಕೆಟ್ಟಿತ್ತು. ಅಷ್ಟರಲ್ಲಿ ಟೈ ಕಟ್ಟಿಕೊಂಡು, ಕಂಕುಳಲ್ಲಿ ಫೈಲು ಸಿಕ್ಕಿಸಿಕೊಂಡು ಒಬ್ಬ ಬಾಗಿಲಲ್ಲಿ ಬಂದು ನಿಂತ. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗಳಿಗೆ ಟೈ ಕಟ್ಟಿ ಬರುವವರು ಇಬ್ಬರೇ, ಮಾಲೀಕರ ಕಡೆಯವರು ಮತ್ತು ಸರ್ವೀಸಿನವರು. ಇವನ ಚಪ್ಪಲಿ ನೋಡಿದರೆ ಮಾಲೀಕರ ಕಡೆಯವನಲ್ಲ. ಇಷ್ಟು ಹೊತ್ತಿಗಾ ಬರೋದು ಎಂದು ಗದರಿ, ಹೊಸ ರಿಬ್ಬನ್ ಕೈಗಿಟ್ಟು ಪ್ರಿಂಟರ್ ತೋರಿಸಿದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಟೈಯನ್ನು ಅಂಗಿಯ ಗುಂಡಿಗಳ ನಡುವೆ ತೂರಿಸಿ, ಸ್ಟೂಲ್ ಎಳೆದುಕೊಂಡು ಕೂತ.

ಅರ್ಧ ಗಂಟೆ ಒದ್ದಾಡಿದ. ಹತ್ತು ಬೆರಳೂ ಮಸಿಯಾಯಿತು, ಮೂಗಿನ ತುದಿಗೂ ಒಂದು ಬೊಟ್ಟು ಬಿತ್ತು. ಕಡೆಗೆ ನಾನೇ ಎದ್ದು ಹೋಗಿ ನೋಡಿದರೆ ರಿಬ್ಬನ್ ತಲೆಕೆಳಗಾಗಿ ಕೂತಿದೆ. ಎರಡು ನಿಮಿಷದಲ್ಲಿ ಸರಿ ಮಾಡಿ, ಸರ್ವೀಸಿನವರಿಗೆ ಇಷ್ಟೂ ಗೊತ್ತಾಗಲ್ವಾ ಎಂದು ಕೇಳಿದೆ.

"ನಾನು ಸರ್ವೀಸಿನವನಲ್ಲ ಮೇಡಂ," ಎಂದ. "ಇವತ್ತಿಂದ ಇಲ್ಲೇ ಕೆಲಸ. ಕಂಪ್ಯೂಟರ್ ಟ್ರೈನಿ."

"ಅದನ್ನ ಮೊದ್ಲೇ ಹೇಳೋಕೇನ್ರೀ?"

"ನೀವು ರಿಬ್ಬನ್ ಕೊಟ್ಟ ರಭಸಕ್ಕೆ ಹೇಳೋಕೆ ಜಾಗ ಎಲ್ಲಿತ್ತು?"

ಮೂಗಿನ ಮೇಲೆ ಮಸಿ ಇಟ್ಟುಕೊಂಡು ಅಷ್ಟು ವಿನಯವಾಗಿ ಹೇಳಿದರೆ ಯಾರಿಗೆ ತಾನೇ ನಗು ತಡೆಯುತ್ತದೆ. ನಾನು ನಕ್ಕುಬಿಟ್ಟೆ. ಆ ನಗು ಬರಬಾರದಿತ್ತು. ಬಂತು, ಏನು ಮಾಡೋದು.

ಇದು ತೊಂಬತ್ನಾಲ್ಕರ ಜೂನ್ ತಿಂಗಳ ಮಾತು. ನಮ್ಮದು ನೂಲಿಗೆ ಬಣ್ಣ ಹಾಕುವ ಫ್ಯಾಕ್ಟರಿ. ಅಲ್ಲಿ ಒಂದು ಎಸಿ ಕೋಣೆ, ಕೋಣೆಯಲ್ಲಿ ಒಂದು ಕಂಪ್ಯೂಟರ್, ಅದಕ್ಕೆ ತಂತಿ ಎಳೆದು ಸ್ಟೋರ್ಸ್, ಡಿಸ್ಪ್ಯಾಚು, ತೂಕದ ಕೌಂಟರು ಎಂದು ಆರು ಕಡೆ ಆರು ಪರದೆ. ಒಳಗಿದ್ದದ್ದು ಯುನಿಕ್ಸ್. ಚಿತ್ರವಿಲ್ಲ, ಮೌಸಿಲ್ಲ, ಕಪ್ಪು ಪರದೆಯ ಮೇಲೆ ಬರೀ ಹಸಿರು ಅಕ್ಷರ. ಒಂದು ಪದ ಬರೆದು ಎಂಟರ್ ಒತ್ತಿದರೆ ಒಂದು ಕೆಲಸ ಮಾಡುತ್ತದೆ. ತಪ್ಪು ಪದ ಬರೆದು ಒತ್ತಿದರೂ ಒಂದು ಕೆಲಸ ಮಾಡುತ್ತದೆ, ನಿಜವಾಗಿ ಮಾಡಲೇ ಎಂದು ಕೇಳುವುದೂ ಇಲ್ಲ. ಗೋಳು ಇರುವುದೇ ಅಲ್ಲಿ.

ನನ್ನ ಹೆಸರು ಕದಿರಮ್ಮ, ಅಜ್ಜಿಯ ಹೆಸರು ನನಗಿಟ್ಟದ್ದು. ಊರು ಸಾಸಲು. ಪಿಯುಸಿ ಮುಗಿಸಿ, ಟೈಪಿಂಗ್ ಸೀನಿಯರ್ ಪಾಸು ಮಾಡಿ, ಹೊರಗೆ ಹೋಗುವ ಸರಕಿನ ಚಲನ್ ಟೈಪ್ ಮಾಡಲು ಸೇರಿದವಳು. ಸೆಕ್ಷನ್ನಿನ ಯಜಮಾನರು ಲಕ್ಷ್ಮಯ್ಯನವರು. ಮೂವತ್ತು ವರ್ಷ ಲೆಡ್ಜರ್ ಬರೆದ ಮನುಷ್ಯ. ಅವರಿಗೆ ಆ ಯಂತ್ರವನ್ನು ಕಂಡರೆ ಭಯ. ದಿನಾ ಬೆಳಗ್ಗೆ ಅದರ ನೆತ್ತಿಯ ಮೇಲೆ ಒಂದು ಸೇವಂತಿಗೆ ಇಟ್ಟು, ಎರಡು ಹೆಜ್ಜೆ ದೂರ ಸರಿದು ನಿಲ್ಲುತ್ತಿದ್ದರು. ಯಂತ್ರದ ಎಲ್ಲ ಬಾಗಿಲನ್ನೂ ತೆರೆಯುವ ದೊಡ್ಡ ಪಾಸ್‌ವರ್ಡ್ ನೆನಪಿರುವುದಿಲ್ಲ ಎಂದು ಅದನ್ನೂ ನನಗೇ ಹೇಳಿಬಿಟ್ಟಿದ್ದರು.

ನನಗೆ ಯಾರೂ ಕಲಿಸಲಿಲ್ಲ. ಯಂತ್ರವನ್ನು ಕೂರಿಸಿಹೋದ ಇಂಜಿನಿಯರ್ ಹೋಗುವ ಮುಂಚೆ ಒಂದೇ ಒಂದು ಮಾತು ಹೇಳಿದ್ದ, ಮ್ಯಾನ್ ಎಂದು ಬರೆದು ಪಕ್ಕದಲ್ಲಿ ಯಾವ ಕಮ್ಯಾಂಡಿನ ಹೆಸರು ಹಾಕಿದರೂ ಅದು ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತದೆ ಎಂದು. ಇಂಗ್ಲಿಷ್-ಕನ್ನಡ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು, ಊಟದ ಹೊತ್ತಿನಲ್ಲಿ, ಎರಡು ವರ್ಷ ಅದನ್ನು ಓದಿದೆ. ಓದಿದ್ದನ್ನು ಮಾಡಿ ನೋಡಿದೆ. ಒಂದು ಸಲ ನನ್ನ ಫೈಲುಗಳಿಗೆ ನಾನೇ ಬೀಗ ಹಾಕಿಕೊಂಡು ಹೊರಗೆ ನಿಂತೆ. ಇನ್ನೊಂದು ಸಲ ಆರೂ ಕೌಂಟರಿನವರನ್ನು ಒಂದೇ ಏಟಿಗೆ ಆಚೆ ತಳ್ಳಿ, ಸ್ಟೋರ್ಸಿನ ಜವರಪ್ಪನವರಿಂದ ಬೈಸಿಕೊಂಡೆ. ಒಂದು ತಪ್ಪನ್ನು ಎರಡನೇ ಸಲ ಮಾಡಲಿಲ್ಲ, ಅಷ್ಟು ಮಾತ್ರ ಎದೆ ತಟ್ಟಿ ಹೇಳಬಲ್ಲೆ.

ರವಿಚಂದ್ರ ಬಂದದ್ದು ಬೇರೆ ದಾರಿಯಲ್ಲಿ. ದೊಡ್ಡಬಳ್ಳಾಪುರದ ಪೇಟೆಯ ಹುಡುಗ, ಬಿಎಸ್ಸಿ ಓದಿದ್ದ, ಅವನ ತಂದೆ ಚಿನ್ನಸ್ವಾಮಿಯವರು ಸರ್ಕಾರಿ ಗುಮಾಸ್ತರು. ಭಾನುವಾರ ಬೆಳಗ್ಗೆ ಬಸ್ಸು ಹತ್ತಿ ಮಲ್ಲೇಶ್ವರದ ಒಂದು ಇನ್‌ಸ್ಟಿಟ್ಯೂಟಿಗೆ ಯುನಿಕ್ಸ್ ಸರ್ಟಿಫಿಕೇಟ್ ಕೋರ್ಸಿಗೆ ಹೋಗುತ್ತಿದ್ದ. ಅಲ್ಲಿ ಇಪ್ಪತ್ತೆರಡು ಜನಕ್ಕೆ ಒಂದು ಯಂತ್ರವಂತೆ. ಒಬ್ಬೊಬ್ಬನಿಗೆ ಹತ್ತು ನಿಮಿಷ, ಉಳಿದದ್ದೆಲ್ಲ ಕಾಗದದ ಮೇಲೆ. ಹೋಗಿ ಹೋಗಿ ಕಾಗದದ ಮೇಲೆ ಈಜು ಕಲೀತಿದ್ದೀರಲ್ಲ ಎಂದು ನಾನು ಆಡಿಕೊಂಡೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಮಾರನೇ ದಿನ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು ನನ್ನ ಮುಂದಿಟ್ಟ.

ಎಡಗಡೆ ಪುಟದಲ್ಲಿ ಅವನ ಕ್ಲಾಸಿನ ನೋಟ್ಸು. ಬಲಗಡೆ ಪುಟ ಖಾಲಿ. ಅದನ್ನು ನಾನು ತುಂಬಬೇಕಂತೆ. ಕ್ಲಾಸಿನಲ್ಲಿ ಹೇಳಿದ್ದನ್ನು ಯಂತ್ರದ ಮೇಲೆ ಮಾಡಿ ನೋಡಿ, ಏನಾಯಿತು ಎಂದು ಬರೆಯಬೇಕು.

ಹೀಗೆ ಶುರುವಾಯಿತು. ಸೋಮವಾರ ಅವನು ಎಡಗಡೆ ತರುತ್ತಿದ್ದ, ಶನಿವಾರದೊಳಗೆ ನಾನು ಬಲಗಡೆ ತುಂಬಿ ಕೊಡುತ್ತಿದ್ದೆ. ಇದು ಸರಿ. ಇದು ಇಲ್ಲಿ ನಡೆಯಲಿಲ್ಲ. ಇದನ್ನು ಹೇಳಿದ ನಿಮ್ಮ ಮೇಷ್ಟ್ರು ಯಾವತ್ತೂ ಮಾಡಿ ನೋಡಿಲ್ಲ. ಮೂರನೇ ವಾರಕ್ಕೆ ನನ್ನ ಬರಹದ ಕೆಳಗೆ ಪೆನ್ಸಿಲಿನಲ್ಲಿ ಸಣ್ಣಗೆ, ಇವತ್ತಿನ ಹಸಿರು ಸೀರೆ ಚೆನ್ನಾಗಿತ್ತು ಎಂದಿತ್ತು. ನಾನು ಅದರ ಪಕ್ಕಕ್ಕೆ, ಇದು ಸಿಲಬಸ್ಸಿನಲ್ಲಿ ಇಲ್ಲ ಎಂದು ಬರೆದೆ. ಬರೆದು, ಮಾರನೇ ದಿನವೂ ಹಸಿರನ್ನೇ ಉಟ್ಟೆ.

ಅವನಿಂದ ನಾನೇನೂ ಕಲಿಯಲಿಲ್ಲ ಎಂದರೆ ನನ್ನ ಬಾಯಲ್ಲಿ ಹುಳ ಬೀಳುತ್ತದೆ. ಫೈಲನ್ನು ಯಾರು ನೋಡಬಹುದು, ಯಾರು ತಿದ್ದಬಹುದು ಎಂದು ಹೇಳಲು ಯುನಿಕ್ಸಿನಲ್ಲಿ ಮೂರು ಅಂಕಿ ಕೊಡಬೇಕು. ಯಾವ ಕೆಲಸಕ್ಕೆ ಯಾವ ಅಂಕಿ ಎಂದು ನನಗೆ ಬಾಯಿಪಾಠವಾಗಿತ್ತು, ಯಾಕೆ ಆ ಅಂಕಿಯೇ ಎನ್ನುವುದು ತಿಳಿದಿರಲಿಲ್ಲ. ಒಂದು ಮಧ್ಯಾಹ್ನ ಅವನು ನನ್ನ ಬಲಗೈ ಎಳೆದುಕೊಂಡು ಮೂರು ಬೆರಳು ಮಡಿಸಿ ತೋರಿಸಿದ. ಓದುವುದಕ್ಕೆ ನಾಲ್ಕು, ಬರೆಯುವುದಕ್ಕೆ ಎರಡು, ನಡೆಸುವುದಕ್ಕೆ ಒಂದು. ಯಾರಿಗೆ ಏನು ಬೇಕೋ ಕೂಡಿಸಿ ಕೊಡು, ಅಷ್ಟೇ. ಎರಡು ವರ್ಷ ಕತ್ತಲಲ್ಲಿ ತಡವಿದ ಗೋಡೆಗೆ ಯಾರೋ ಸ್ವಿಚ್ ತೋರಿಸಿದ ಹಾಗಾಯಿತು. ನನಗೆ ನಿಜಕ್ಕೂ ಕಣ್ಣಲ್ಲಿ ನೀರು ಬಂತು.

ಕೈ ಬಿಡಲಿಲ್ಲ ಅವನು. "ನಂಗೆಷ್ಟು ಕೊಟ್ಟಿದೀಯ ಕದಿರು?"

"ನಾಲ್ಕು."

"ನೋಡ್ಬಹುದು, ಅಷ್ಟೇನಾ?"

"ಅದೂ ಜಾಸ್ತಿ ಆಯ್ತು," ಎಂದು ಕೈ ಎಳೆದುಕೊಂಡೆ. ಬಾಗಿಲ ಹತ್ತಿರ ಲಕ್ಷ್ಮಯ್ಯನವರು ಕೆಮ್ಮಿದರು. ಪಾಪ, ಆ ಮನುಷ್ಯ ಒಳಗೆ ಬರುವ ಮುಂಚೆ ಕೆಮ್ಮುವುದನ್ನು ಆ ತಿಂಗಳಿನಿಂದ ಶುರು ಮಾಡಿದ್ದರು.

ಡಿಸೆಂಬರಿನಲ್ಲಿ ಒಂದು ಭಾನುವಾರ ಅವನ ಕ್ಲಾಸಿಗೆ ರಜೆ. ಘಾಟಿಗೆ ಹೋಗಿಬರೋಣ ಎಂದ. ಮನೆಯಲ್ಲಿ ಓವರ್‌ಟೈಮ್ ಎಂದು ಹೇಳಿ ಹೋದೆ. ದರ್ಶನ ಮುಗಿಸಿ, ನಾಗರಕಲ್ಲುಗಳ ಆಚೆ ಒಂದು ಕಟ್ಟೆಯ ಮೇಲೆ ಕೂತೆವು. ಅವನು ಕಡಲೆಕಾಯಿ ಸುಲಿದು ಸುಲಿದು ನನ್ನ ಕೈಗೆ ಹಾಕುತ್ತಿದ್ದ, ತಾನು ಒಂದೂ ತಿನ್ನಲಿಲ್ಲ. ಈಗೆಷ್ಟು ಎಂದು ಕೇಳಿದ. ನಾನು ಏಳು ಎಂದೆ. ಏಳೆಂದರೆ ಎಲ್ಲ. ಅವನ ಕಿವಿ ಕೆಂಪಗಾಯಿತು. ಸಿಪ್ಪೆಯನ್ನು ನನ್ನ ಕೈಗೆ ಹಾಕಿ, ಕಾಳನ್ನು ನೆಲಕ್ಕೆಸೆದ.

ಅಲ್ಲೇ ನಾನು ಅವನಿಗೆ ಮಂಗಳವಾರದ ಕಥೆ ಹೇಳಿದ್ದು.

ಹೇಳಬೇಕಾಗಿ ಬಂತು. ಆ ವಾರ ಅವನ ಎಡಗಡೆ ಪುಟದಲ್ಲಿ ಫೈಲುಗಳ ನಕಲನ್ನು ಟೇಪಿಗೆ ಇಳಿಸಿಡುವ ಬ್ಯಾಕಪ್ಪಿನ ಪಾಠವಿತ್ತು. ನನ್ನ ಕೈ ಸುಟ್ಟದ್ದು ಯಾವ ರೀತಿಯಲ್ಲೋ, ಅವನ ಮೇಷ್ಟ್ರು ಅದೇ ರೀತಿ ಹೇಳಿಕೊಟ್ಟಿದ್ದರು. ಸುಮ್ಮನೆ ತಪ್ಪು ಎಂದು ಬರೆದರೆ ಇವನು ನಂಬುವುದಿಲ್ಲ, ಪರೀಕ್ಷೆಯಲ್ಲಿ ಮೇಷ್ಟ್ರ ಮಾತನ್ನೇ ಬರೆಯುತ್ತಾನೆ, ನಾಳೆ ಫ್ಯಾಕ್ಟರಿಯಲ್ಲೂ ಅದನ್ನೇ ಮಾಡುತ್ತಾನೆ. ಅದು ನನ್ನ ಭಯ.

ಅವನು ಬರುವುದಕ್ಕೆ ಒಂದು ವರ್ಷ ಮೊದಲು ನಡೆದದ್ದು. ಒಂದು ಮಂಗಳವಾರ ಸಂಜೆ ಸ್ಟೋರ್ಸಿನ ಒಂದು ಹಳೇ ಪಟ್ಟಿ ಕೆಟ್ಟುಹೋಗಿತ್ತು. ಸೋಮವಾರದ ಟೇಪಿನಿಂದ ಅದೊಂದನ್ನು ತೆಗೆದುಕೊಡೋಣ ಎಂದು ನಾನು ಯಂತ್ರದೊಳಗೆ ಹೊಸದೊಂದು ಜಾಗ ಮಾಡಿ, ಅದರೊಳಗೆ ನಿಂತು, ಟೇಪನ್ನು ಬಿಚ್ಚಿಸಿದೆ. ಎಲ್ಲ ಈ ಹೊಸ ಜಾಗದಲ್ಲಿ ಬಂದು ಕೂರುತ್ತದೆ ಎಂದುಕೊಂಡಿದ್ದೆ. ಆದರೆ ಟೇಪಿನಲ್ಲಿ ಪ್ರತಿ ಫೈಲಿನ ಮೇಲೂ ಪೂರ್ತಿ ವಿಳಾಸ ಬರೆದಿತ್ತು. ಪೂರ್ತಿ ವಿಳಾಸ ಬರೆದ ಕಾಗದವನ್ನು ನೀವು ಯಾವ ಊರಿನ ಡಬ್ಬಿಗೆ ಹಾಕಿದರೂ ಅದು ಅದೇ ಮನೆಗೇ ತಾನೇ ಹೋಗುವುದು. ಸೋಮವಾರದ್ದೆಲ್ಲ ಹೋಗಿ ಮಂಗಳವಾರದ ಮೇಲೆ ಕೂತಿತು. ಒಂದು ಇಡೀ ದಿನದ ಮುನ್ನೂರ ಹನ್ನೆರಡು ಚಲನ್, ಒಂದು ನಿಮಿಷದಲ್ಲಿ ಇಲ್ಲ.

ಯಾರಿಗೂ ಹೇಳಲಿಲ್ಲ. ಬೆಳಗಿನ ಆರು ಗಂಟೆ ಶಿಫ್ಟಿನ ಬಸ್ಸಿಗೆ ಬಂದು, ಊಟದ ಹೊತ್ತಿನಲ್ಲೂ ಏಳದೆ, ಸ್ಟೋರ್ಸಿನ ಕಾಗದದ ಪ್ರತಿಗಳನ್ನಿಟ್ಟುಕೊಂಡು ಮೂರು ದಿನದಲ್ಲಿ ಅಷ್ಟನ್ನೂ ಮತ್ತೆ ಟೈಪ್ ಮಾಡಿದೆ. ಅಂದಿನಿಂದ ಬ್ಯಾಕಪ್ಪಿಗೆ ಪೂರ್ತಿ ವಿಳಾಸ ಕೊಟ್ಟವಳಲ್ಲ.

ಇದನ್ನು ಹೆತ್ತ ತಾಯಿಗೂ ಹೇಳಿರಲಿಲ್ಲ. ಅವನು ಬೆನ್ನ ಮೇಲೆ ಕೈ ಇಟ್ಟು, ಮುನ್ನೂರ ಹನ್ನೆರಡನ್ನೂ ಒಬ್ಬಳೇ ಹೊಡೆದೆಯಾ ಎಂದ. ಅಷ್ಟು ಮೆಲ್ಲಗೆ ಯಾರೂ ನನ್ನನ್ನು ಏನನ್ನೂ ಕೇಳಿರಲಿಲ್ಲ. ಈ ಮನುಷ್ಯನ ಜೊತೆ ಬದುಕಬಹುದು ಎಂದು ನಾನು ನಿರ್ಧರಿಸಿದ್ದು ಆಗ.

ಫೆಬ್ರವರಿಯಲ್ಲಿ ಅವನ ಪರೀಕ್ಷೆ. ಮೌಖಿಕದಲ್ಲಿ ಪರೀಕ್ಷಕರು ಬ್ಯಾಕಪ್ಪಿನ ಬಗ್ಗೆಯೇ ಕೇಳಿದರಂತೆ. ಇವನು ಪೂರ್ತಿ ವಿಳಾಸದ ವಿಷಯ ಹೇಳಿದನಂತೆ. ಇದು ಪುಸ್ತಕದಲ್ಲಿ ಓದಿದರೆ ಬರುವ ಮಾತಲ್ಲ, ಅನುಭವದ ಮಾತು ಎಂದು ಅವರು ಪಕ್ಕದವರಿಗೆ ಹೇಳಿದರಂತೆ. ಅದನ್ನು ನನಗೆ ಹೇಳುವಾಗ ಅವನ ಮುಖ ಅರಳಿತ್ತು. ಅನುಭವ ಯಾರದು ಅಂತ ಕೇಳ್ಲಿಲ್ವಾ ಎಂದೆ, ತಮಾಷೆಗೆ. ಅವನೂ ನಕ್ಕ. ಒಂದು ಸಣ್ಣ ಮುಳ್ಳು ಚುಚ್ಚಿದಂತಾಯಿತು, ಹೌದು. ಆದರೆ ಬಂದದ್ದು ನನ್ನ ರವಿಗೆ ಫಸ್ಟ್ ಕ್ಲಾಸು, ನಾನ್ಯಾಕೆ ಮುಖ ಊದಿಸಿಕೊಳ್ಳಲಿ ಎಂದು ಸುಮ್ಮನಾದೆ.

ಮಾರ್ಚಿಗೆ ಲಕ್ಷ್ಮಯ್ಯನವರ ನಿವೃತ್ತಿ. ಅವರ ಜಾಗಕ್ಕೆ ಸಿಸ್ಟಮ್ ಇನ್‌ಚಾರ್ಜ್ ಎಂದು ಹೊಸ ಹೆಸರಿಟ್ಟು, ಒಳಗಿನವರೇ ಅರ್ಜಿ ಹಾಕಿ ಎಂದು ನೋಟಿಸ್ ಹಚ್ಚಿದರು. ನಾನೂ ಹಾಕಿದೆ, ಅವನೂ ಹಾಕಿದ. ಇಬ್ಬರಲ್ಲಿ ಯಾರಿಗೆ ಬಂದರೂ ಒಂದೇ ಎಂದು ಕ್ಯಾಂಟೀನಿನಲ್ಲಿ ಒಂದೇ ಟೀಯನ್ನು ಇಬ್ಬರೂ ಹಂಚಿಕೊಂಡು ಕುಡಿದೆವು. ನಿಜ ಹೇಳಬೇಕೆಂದರೆ ನನಗೆ ಒಂದೇ ಆಗಿರಲಿಲ್ಲ. ಆ ಕುರ್ಚಿ ನನಗೆ ಬೇಕಿತ್ತು. ಆ ಯಂತ್ರದ ಒಂದೊಂದು ಮೂಲೆಯನ್ನೂ ನಾನು ಕೈಯಾರೆ ತಡವಿ ತಿಳಿದಿದ್ದೆ. ಸರ್ಟಿಫಿಕೇಟ್ ಇಲ್ಲದವಳಿಗೂ ಕೆಲಸ ಬರುತ್ತದೆ ಎಂದು ಒಬ್ಬರಾದರೂ ಕಾಗದದ ಮೇಲೆ ಬರೆದು ಕೊಡಲಿ ಎಂಬುದು ನನ್ನ ಆಸೆ. ಲಕ್ಷ್ಮಯ್ಯನವರು ಮ್ಯಾನೇಜರ ಹತ್ತಿರ ಹೋಗಿ, ಹುಡುಗನ ಹತ್ತಿರ ಕಾಗದ ಇದೆ, ಕೆಲಸ ಗೊತ್ತಿರುವುದು ಹುಡುಗಿಗೆ ಎಂದು ಹೇಳಿಯೂ ಬಂದರು. ಮ್ಯಾನೇಜರು ಯೋಚನೆಗೆ ಬಿದ್ದಿದ್ದಾರೆ ಎಂದು ನನಗೆ ಸಿಹಿಸುದ್ದಿ ಕೊಟ್ಟರು.

ಮೂರನೇ ದಿನ ಮ್ಯಾನೇಜರು ಕರೆಸಿದರು. ಒಳಗೆ ಹೋದರೆ ರವಿ ಆಗಲೇ ಅಲ್ಲಿದ್ದ, ಕಿಟಕಿಯ ಪಕ್ಕ, ಕೈ ಹಿಂದೆ ಕಟ್ಟಿಕೊಂಡು.

"ಕದಿರಮ್ಮ," ಎಂದರು ಅವರು, "ನೀವು ಹಿಂದೆ ಒಂದು ದಿನದ ಡಿಸ್ಪ್ಯಾಚ್ ಪೂರ್ತಿ ಅಳಿಸಿಹಾಕಿದ್ರಂತೆ. ಯಾರಿಗೂ ಗೊತ್ತಾಗದ ಹಾಗೆ ಮುಚ್ಚಿದ್ರಂತೆ. ರವಿಚಂದ್ರ ಹೇಳಿದ್ರು. ನಿಜಾನಾ?"

ನಾನು ಅವರನ್ನು ನೋಡಲಿಲ್ಲ, ರವಿಯನ್ನು ನೋಡಿದೆ. ಅವನು ಕಿಟಕಿಯಾಚೆ ನಿಂತಿದ್ದ ಲಾರಿಯನ್ನು ಲೋಕದಲ್ಲಿ ಲಾರಿಯನ್ನೇ ಕಾಣದವನಂತೆ ನೋಡುತ್ತಿದ್ದ. ಇಲ್ಲ ಎಂದಿದ್ದರೆ ನಡೆಯುತ್ತಿತ್ತು. ಸಾಕ್ಷಿ ಏನಿದೆ, ಎಲ್ಲ ಚಲನ್ನೂ ಅದರದರ ಜಾಗದಲ್ಲಿದೆ. ಆದರೆ ಇಲ್ಲ ಎಂದು ಬಾಯಿಗೆ ಬರಲಿಲ್ಲ.

ನಿಜ ಸರ್ ಎಂದೆ. ಮೂರು ದಿನದಲ್ಲಿ ಎಲ್ಲವನ್ನೂ ವಾಪಸ್ ಸೇರಿಸಿದ್ದನ್ನು ಹೇಳಿದೆ. ಆ ತಪ್ಪಿನಿಂದಲೇ ಇವತ್ತು ನಮ್ಮ ಟೇಪುಗಳು ಸರಿಯಾಗಿರುವುದು ಎಂದೆ. ಮ್ಯಾನೇಜರು ತಲೆಯಾಡಿಸಿದರು. ತಪ್ಪು ಮಾಡಿದ್ದು ದೊಡ್ಡದಲ್ಲ, ಮುಚ್ಚಿಟ್ಟದ್ದು ದೊಡ್ಡದು, ದೊಡ್ಡ ಪಾಸ್‌ವರ್ಡ್ ನಿಮ್ಮ ಕೈಯಲ್ಲಿ ಬಿಡೋಕೆ ಧೈರ್ಯ ಬರೋದಿಲ್ಲ ಎಂದರು. ಮುಚ್ಚಿಟ್ಟದ್ದು ತಪ್ಪು, ಅದನ್ನು ಇವತ್ತಿಗೂ ಒಪ್ಪುತ್ತೇನೆ. ಆದರೆ ಕಾಗದದ ಮೇಲೆ ಕಲಿತವನು ತಪ್ಪನ್ನೂ ಕಾಗದದ ಮೇಲೇ ಮಾಡುತ್ತಾನೆ, ಅಳಿಸಿ ಮತ್ತೆ ಬರೆಯುತ್ತಾನೆ. ಯಂತ್ರದ ಮೇಲೆ ಕಲಿತವಳ ತಪ್ಪು ಯಂತ್ರದ ಮೇಲೇ ಆಗುತ್ತದೆ. ಇದನ್ನು ಅವರಿಗೆ ಹೇಳಬೇಕಾಗಿದ್ದವನು ಒಬ್ಬನಿದ್ದ. ಅವನು ಲಾರಿ ನೋಡುತ್ತಿದ್ದ.

ಅವನು ಇನ್‌ಚಾರ್ಜ್ ಆದ. ನನ್ನನ್ನು ಕಂಪ್ಯೂಟರ್ ಕೋಣೆಯಿಂದ ತೆಗೆದು ಸ್ಟೋರ್ಸಿಗೆ ಹಾಕಿದರು, ಜವರಪ್ಪನವರ ಕೈಕೆಳಗೆ, ಬಣ್ಣದ ಡ್ರಮ್ಮುಗಳಿಗೆ ಚೀಟಿ ಅಂಟಿಸಲು.

ಮೊದಲ ದಿನ ನಾನು ಡ್ರಮ್ಮುಗಳ ಹಿಂದೆ ಕೂತು ಅತ್ತೆ. ಕೆಲಸ ಹೋದದ್ದಕ್ಕಲ್ಲ, ಅದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಘಾಟಿಯ ಕಟ್ಟೆಯ ಮೇಲೆ ಬೆನ್ನಿಗೆ ಕೈ ಇಟ್ಟನಲ್ಲ, ಅದಕ್ಕೆ ಅತ್ತೆ. ಜವರಪ್ಪನವರು ನೋಡಿಯೂ ನೋಡದವರಂತೆ ಒಂದು ಲೋಟ ನೀರು ತಂದಿಟ್ಟರು. ವಿಷಯ ಆಗಲೇ ಊರೆಲ್ಲ ಹರಡಿತ್ತು.

"ನಂಗೊತ್ತಿತ್ತು ಕಣಮ್ಮ," ಎಂದರು. "ಮೂರು ದಿನ ಊಟ ಬಿಟ್ಟು ಮಂಗಳವಾರದ ಕಾಪೀನೇ ಕೇಳ್ಕೊಂಡು ಬಂದ್ರೆ ಗೊತ್ತಾಗಲ್ವಾ. ಸರಿ ಮಾಡ್ತಾವ್ಳೆ, ಮಾಡ್ಲಿ ಅಂತ ಸುಮ್ನಿದ್ದೆ."

ಎರಡು ವರ್ಷ ಈ ಮನುಷ್ಯ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ನನಗೆ ಬೈದೂ ಇದ್ದರು, ಬೇರೆ ಬೇರೆ ಕಾರಣಕ್ಕೆ, ಆದರೆ ಅದನ್ನು ಮಾತ್ರ ಎತ್ತಿರಲಿಲ್ಲ. ಅವರಿಗೆ ನಾನು ಏನೂ ಆಗಿರಲಿಲ್ಲ. ನನ್ನಿಂದ ಏಳು ಪಡೆದವನು ಮೂರೇ ತಿಂಗಳಿಗೆ ಉಗುಳಿದ.

ಹದಿನೈದು ದಿನ ರವಿ ನನ್ನ ಮುಂದೆ ಬರಲಿಲ್ಲ. ಹದಿನಾರನೇ ದಿನ ಸಂಜೆ ಬಾಶೆಟ್ಟಿಹಳ್ಳಿಯ ಬಸ್‌ಸ್ಟಾಪಿನಲ್ಲಿ ಕಾದಿದ್ದ. ಗಡ್ಡ ಬಿಟ್ಟಿದ್ದ, ಕಣ್ಣು ಒಳಗೆ ಹೋಗಿತ್ತು. ನನ್ನ ಬಸ್ಸು ಬಂದು ಹೋಯಿತು, ನಾನು ಹತ್ತಲಿಲ್ಲ. ಹತ್ತಬೇಕಿತ್ತು.

ಎಲ್ಲ ಹೇಳಿಕೊಂಡ. ಇನ್‌ಚಾರ್ಜ್ ಆಗದಿದ್ದರೆ ಮದುವೆಯ ಮಾತೇ ಎತ್ತಬೇಡ ಎಂದು ಅವರಪ್ಪ ಹೇಳಿದ್ದರಂತೆ. ಹೆಂಡತಿಯಾಗುವವಳ ಕೈಕೆಳಗೆ ಕೆಲಸ ಮಾಡುತ್ತೇನೆ ಎಂದರೆ ಮನೆಯೊಳಗೇ ಸೇರಿಸುತ್ತಿರಲಿಲ್ಲವಂತೆ. ಮ್ಯಾನೇಜರು ಅವಳಿಗೇ ಕೊಡೋಣ ಅಂತಿದ್ದೀನಿ, ನೀನೇನಂತೀಯ ಎಂದು ಕೇಳಿದಾಗ ತಲೆಗೆ ಏನು ಕವಿಯಿತೋ, ಬಾಯಿಂದ ಬಂದುಬಿಟ್ಟಿತಂತೆ. ಮಾತಾಡುತ್ತಾ ಆಡುತ್ತಾ ಅತ್ತುಬಿಟ್ಟ. ಬಸ್‌ಸ್ಟಾಪಿನ ತುಂಬ ಶಿಫ್ಟು ಬಿಟ್ಟ ಜನ, ಅವರ ಮುಂದೆ ಒಬ್ಬ ಗಂಡಸು ಕರವಸ್ತ್ರವೂ ಇಲ್ಲದೆ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರೆ ನನ್ನ ಕರುಳು ಚುರುಕ್ ಎಂದಿತು. ಬೈಯಬೇಕು ಎಂದು ಹದಿನೈದು ದಿನದಿಂದ ಕೂಡಿಸಿಟ್ಟಿದ್ದ ಮಾತೆಲ್ಲ ಎತ್ತ ಹೋಯಿತೋ.

"ಮದ್ವೆ ಮಾಡ್ಕೊಳ್ಳೋಣ ಕದಿರು," ಎಂದ. "ಅಪ್ಪ ಒಪ್ಪಿದ್ದಾರೆ. ನಿಮ್ಮನೆಗೆ ಬರ್ತೀವಿ."

ನಾನು ಆ ಕುರ್ಚಿಯನ್ನು ವಾಪಸ್ ಕೇಳಲಿಲ್ಲ. ಮ್ಯಾನೇಜರ ಹತ್ತಿರ ಹೋಗಿ ಹೇಳು ಎಂದೂ ಕೇಳಲಿಲ್ಲ. ಒಂದೇ ಒಂದು ಕೇಳಿದೆ.

"ಬಂದ ದಿನ, ನಿಮ್ಮಪ್ಪ, ನಮ್ಮಪ್ಪ, ಎಲ್ರ ಮುಂದೆ ಒಂದ್ಮಾತು ಹೇಳು. ಈ ಕೆಲಸ ನಿಂಗೆ ಹೇಳ್ಕೊಟ್ಟಿದ್ದು ನಾನು ಅಂತ. ಅಷ್ಟು ಹೇಳಿದ್ರೆ ಉಳಿದದ್ದೆಲ್ಲ ನಾನು ಹೊಟ್ಟೆಗೆ ಹಾಕೋತೀನಿ."

ಅವನು ನನ್ನ ಎರಡೂ ಕೈ ಹಿಡಿದುಕೊಂಡ. "ಹೇಳ್ತೀನಿ. ಆಣೆ ಮಾಡ್ತೀನಿ ಬೇಕಾದ್ರೆ."

ಆಣೆ ಬೇಡ ಎಂದೆ. ಮುಂದಿನ ಬಸ್ಸಿನಲ್ಲಿ ಊರಿಗೆ ಹೋಗುವಾಗ ಕಿಟಕಿಯ ಗಾಳಿಗೆ ಮುಖ ಕೊಟ್ಟು ಕೂತಿದ್ದೆ. ಎಷ್ಟೋ ದಿನದ ಮೇಲೆ ಹಸಿವಾಯಿತು.

ಅವರು ಬಂದದ್ದು ಏಪ್ರಿಲ್ ಕೊನೆಯ ಭಾನುವಾರ, ಬಾಡಿಗೆ ಅಂಬಾಸಿಡರಿನಲ್ಲಿ. ಚಿನ್ನಸ್ವಾಮಿಯವರು, ಅವರ ಹೆಂಡತಿ, ರವಿ, ಜೊತೆಗೊಬ್ಬರು ಸೋದರಮಾವ. ನಮ್ಮಪ್ಪ ಗೋಪಾಲಪ್ಪ ಹೊಲದಿಂದ ಬೇಗ ಬಂದು, ಮಡಿಸಿಟ್ಟಿದ್ದ ಬಿಳಿ ಪಂಚೆ ಉಟ್ಟಿದ್ದ. ಅಮ್ಮ ಮುನಿತಾಯಮ್ಮ ಬೆಳಗಿನಿಂದ ಒಬ್ಬಟ್ಟು ತಟ್ಟಿ ತಟ್ಟಿ ಕೈ ಕೆಂಪು ಮಾಡಿಕೊಂಡಿದ್ದಳು. ನಾನು ಹಸಿರು ಸೀರೆ ಉಟ್ಟೆ. ಕಾಫಿ ತಟ್ಟೆ ಹಿಡಿದು ಬಂದಾಗ ಅವನು ಕಣ್ಣೆತ್ತಿ ಸೀರೆ ನೋಡಿದ, ಆಮೇಲೆ ನನ್ನನ್ನು ನೋಡಿದ. ಆ ನೋಟಕ್ಕೆ ಲೋಟದಲ್ಲಿದ್ದ ಕಾಫಿ ತುಳುಕಿತು. ಅಷ್ಟಾದ ಮೇಲೂ ನನ್ನ ಮೈ ಹಾಗೆ ಮಾಡಿತು ಎನ್ನುವುದನ್ನು ಬಚ್ಚಿಡುವುದಿಲ್ಲ.

ಮಾತು ಮಳೆ, ರಾಗಿ, ದೂರದ ನೆಂಟರು ಎಂದೆಲ್ಲ ಸುತ್ತಿ ಕಂಪ್ಯೂಟರಿಗೆ ಬಂತು. ಚಿನ್ನಸ್ವಾಮಿಯವರು ಕೆಟ್ಟವರಲ್ಲ. ಮಗನ ಸರ್ಟಿಫಿಕೇಟಿಗೆ ಗಾಜು ಹಾಕಿಸಿ, ದೇವರ ಪಟದ ಪಕ್ಕ ತಗುಲಿಹಾಕಿರುವುದನ್ನು ಹೆಮ್ಮೆಯಿಂದ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ಪ್ರೀತಿಯಿಂದಲೇ ಕೇಳಿದರು.

"ನೀನೂ ಕಂಪ್ಯೂಟರ್ ಕಲ್ತಿದೀಯೇನಮ್ಮ?"

ನಾನು ರವಿಯನ್ನು ನೋಡಿದೆ. ನಾನೇ ಹೇಳಿ ಕೇಳಿಸಿದ್ದರೂ ಇಷ್ಟು ಸರಿಯಾದ ಪ್ರಶ್ನೆ ಬರುತ್ತಿರಲಿಲ್ಲ. ಅವನೂ ನನ್ನನ್ನು ನೋಡಿದ, ಅವನಿಗೂ ಅದು ಗೊತ್ತಾಯಿತು. ತುಟಿ ಒಮ್ಮೆ ಅಲುಗಿತು. ಅಮ್ಮನ ಕೈಯ ಬಳೆ ಸದ್ದು ಮಾಡಿತು.

"ಅವ್ಳಿಗೆ ಸ್ವಲ್ಪ ಟೈಪಿಂಗ್ ಬರುತ್ತಪ್ಪ," ಎಂದ ರವಿ. "ಮದ್ವೆ ಆದ್ಮೇಲೆ ನಾನೇ ಹೇಳ್ಕೊಡ್ತೀನಿ."

ಎಲ್ಲರೂ ನಕ್ಕರು. ಸೋದರಮಾವ ಅವನ ತೊಡೆ ತಟ್ಟಿದರು. ಅವನ ತಾಯಿ, ಪುಣ್ಯ ಮಾಡಿದ್ದೀಯ ಕಣಮ್ಮ ಎಂದರು.

ನಾನು ತಟ್ಟೆಯನ್ನು ಕೆಳಗಿಟ್ಟೆ. ಚಿನ್ನಸ್ವಾಮಿಯವರಿಗೆ ಮೆಲ್ಲಗೆ ಹೇಳಿದೆ. ನಿಮ್ಮ ಮಗನಿಗೆ ಆ ಕೆಲಸ ಹೇಳಿಕೊಟ್ಟವಳು ನಾನು, ಅವರು ಬರುವ ಮುಂಚೆ ಎರಡು ವರ್ಷ ಆ ಯಂತ್ರವನ್ನು ನಡೆಸಿದವಳು ನಾನು, ಬೇಕಾದರೆ ಅವರನ್ನೇ ಕೇಳಿ ಎಂದೆ. ಅವರು ಗಲಿಬಿಲಿಯಾಗಿ ಮಗನ ಕಡೆ ತಿರುಗಿದರು. ಏನೋ, ಹೌದೇನೋ ಎಂದರು. ನಾನು ಆಗಲೂ ಕಾದೆ. ದೇವರಾಣೆಗೂ ಕಾದೆ. ಹೌದು ಎನ್ನಲು ಎರಡು ಅಕ್ಷರ ಸಾಕಿತ್ತು.

"ತಮಾಷೆ ಮಾಡ್ತಾಳೆ ಬಿಡಪ್ಪ," ಎಂದ ಅವನು, ಒಬ್ಬಟ್ಟನ್ನು ನೋಡುತ್ತಾ.

"ನಂಗೆ ಈ ಸಂಬಂಧ ಬೇಡ ಅಪ್ಪ," ಎಂದು ನಾನು ನಮ್ಮಪ್ಪನಿಗೆ ಹೇಳಿದೆ.

ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಅಪ್ಪ ಮಾತು ಕಡಿಮೆಯವನು. ನನ್ನನ್ನು ಒಂದು ಸಲ ನೋಡಿ, ಯೋಚನೆ ಮಾಡಿ ಹೇಳುತ್ತಿದ್ದೀಯಾ ಎಂದು ಮಾತ್ರ ಕೇಳಿದ. ಹೌದು ಎಂದೆ. ಅವನು ಬಂದವರ ಕಡೆ ತಿರುಗಿ, ಹುಡುಗಿ ಬೇಡ ಅಂತಾಳೆ, ತಪ್ಪು ತಿಳ್ಕೋಬೇಡಿ, ತಿಂಡಿ ಬಿಡದೆ ತಿಂದು ಹೋಗಿ ಎಂದ. ಯಾರೂ ತಿನ್ನಲಿಲ್ಲ. ಚಿನ್ನಸ್ವಾಮಿಯವರು ಮಗನ ಮುಖವನ್ನು ಒಂದು ಥರಾ ನೋಡುತ್ತಾ ಎದ್ದರು. ಅವರಿಗೆ ಏನೋ ಅರ್ಥವಾಗಿತ್ತು ಎಂದು ನನಗೆ ಅನ್ನಿಸುತ್ತದೆ.

ದೊಡ್ಡವರು ಚಪ್ಪಲಿ ಮೆಟ್ಟಿಕೊಳ್ಳುವ ಹೊತ್ತಿಗೆ ಅವನು ಮನೆಯ ಪಕ್ಕಕ್ಕೆ ಬಂದ. ನಾನು ಹಸುವಿನ ಬಾನಿಯ ಹತ್ತಿರ ನಿಂತಿದ್ದೆ. ಅವನ ಕಣ್ಣು ತುಂಬಿತ್ತು. ಪ್ರೀತಿ ಸುಳ್ಳಲ್ಲ ಎಂದು ಗೊತ್ತಾಗುವಷ್ಟು ಹತ್ತಿರ ಬಂದು ನಿಂತ. ನನಗೆ ಅದು ಮೊದಲೇ ಗೊತ್ತಿತ್ತು, ಕಷ್ಟವಾದದ್ದೂ ಅದಕ್ಕೇ.

"ಅಪ್ಪನ ಮುಂದೆ ಬಾಯಿ ಬರ್ಲಿಲ್ಲ ಕದಿರು," ಎಂದ.

"ಮ್ಯಾನೇಜರ್ ಮುಂದೆ ಬಂತಲ್ಲ."

ಅವರಪ್ಪ ಕರೆದರು, ಹೋದ. ಕಾರು ಕೆರೆಯ ಏರಿ ತಿರುಗುವ ತನಕ ನಾನು ನೋಡುತ್ತಾ ನಿಂತಿದ್ದೆ. ಸುಳ್ಳು ಯಾಕೆ ಹೇಳಲಿ.